ಚಿಪ್‌ಗೆ ಕೇಳದ ಹೂಂ

ನನಗೆ ಸೀರೆ ಆರಿಸಲು ಬರುವುದಿಲ್ಲ, ಬದನೆಕಾಯಿಯೂ ಅಷ್ಟೆ. ನಾನು ತಂದ ಚೀಲದಲ್ಲಿ ಹುಳುವಿಲ್ಲದ ಕಾಯಿ ಹುಡುಕುವುದು ನನ್ನ ಹೆಂಡತಿಗೆ ಒಂದು ಕೆಲಸ. ಆದರೆ ಆಡಿಯೋ ಕೋಡೆಕ್ ಚಿಪ್ ಆರಿಸುವುದರಲ್ಲಿ ಇಡೀ ಬೆಟಗೇರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಬೆಟಗೇರಿಯಲ್ಲಿ ಆ ಕೆಲಸ ಮಾಡುವವನು ನಾನೊಬ್ಬನೇ ಎಂಬುದು ಬೇರೆ ಮಾತು.

ಕೋಡೆಕ್ ಎಂದರೆ ಗಾಬರಿಯಾಗಬೇಡಿ. ನಿಮ್ಮ ದನಿಯನ್ನು ಅಂಕಿಗಳಾಗಿ ಮಾಡಿಟ್ಟು, ಬೇಕೆಂದಾಗ ಆ ಅಂಕಿಗಳನ್ನು ಮತ್ತೆ ದನಿಯಾಗಿಸುವ, ಹೆಸರುಕಾಳಿನಷ್ಟಗಲದ ಚಿಪ್ ಅದು. ನಾನು ಕಿಸೆಯಲ್ಲಿ ಹಿಡಿಯುವ ರೆಕಾರ್ಡರ್ ಡಬ್ಬಿಗಳನ್ನು ತಯಾರಿಸುವವನು. ಚಿಪ್ ಆರಿಸುವಾಗ ಬೆಲೆ ನೋಡುತ್ತೇನೆ, ಬ್ಯಾಟರಿ ಎಷ್ಟು ಕುಡಿಯುತ್ತದೆಂದು ನೋಡುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಎಷ್ಟು ಸುಮ್ಮನಿರುತ್ತದೆಂದು ನೋಡುತ್ತೇನೆ. ಯಾರೂ ಮಾತಾಡದಿದ್ದಾಗಲೂ ಸುಂಯ್ ಎನ್ನುವ ಡಬ್ಬಿಯನ್ನು ಗಿರಾಕಿ ಮರುದಿನವೇ ತಂದು ಟೇಬಲ್ ಮೇಲೆ ಕುಕ್ಕುತ್ತಾನೆ. ಹಾಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಒಳಗೇ ಒಂದು ಬಾಗಿಲಿರುವ ಚಿಪ್ ಆರಿಸಿದೆ. ಜೋರು ದನಿ ಬಂದರೆ ಬಾಗಿಲು ತೆರೆಯುತ್ತದೆ, ಸಣ್ಣ ಸದ್ದಾದರೆ ಮುಚ್ಚಿಕೊಳ್ಳುತ್ತದೆ. ಫ್ಯಾನಿನ ಗುಂಯ್, ಪಕ್ಕದ ಓಣಿಯ ಮಗ್ಗದ ಲಟಪಟ, ಯಾವುದೂ ಒಳಗೆ ಬರುವಂತಿಲ್ಲ.

ಮೊದಲ ಡಬ್ಬಿಯಲ್ಲಿ ಅವ್ವನ ಕತೆಗಳನ್ನು ತುಂಬಿಸಿದೆ. ಹರ್ತಿಯ ತವರಿನಿಂದ ಅವಳು ತಂದದ್ದು ಎರಡು ಹಿತ್ತಾಳೆ ಕೊಡ ಮತ್ತು ಈ ಕತೆಗಳು. ನಮ್ಮ ಕಡೆ ಕತೆ ಹೇಳುವವರಿಗೆ ಯಾರಾದರೊಬ್ಬರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಅಲ್ಲಿಗೇ ನಿಂತುಬಿಡುತ್ತದೆ. ಮನೆಯಲ್ಲಿ ಆ ಕೆಲಸ ಅಪ್ಪನದು. ಅಪ್ಪ ಮಾತಿನಲ್ಲಿ ಭಾರಿ ಜಿಪುಣ. ಊಟಕ್ಕೆ ಕರೆದರೂ ಹೂಂ, ಮಳೆ ಬಂತೆಂದರೂ ಹೂಂ. ಮೊಬೈಲಿನಲ್ಲಿ ವಿಡಿಯೋ ತೆಗೆಯಹೋದರೆ ಫೋಟೋ ಎಂದುಕೊಂಡು ತುಟಿ ಬಿಗಿದು ನೆಟ್ಟಗೆ ನಿಲ್ಲುತ್ತಿದ್ದರು. ಆದರೆ ಅವ್ವ ಕತೆ ಶುರುಮಾಡಿದರೆ ಬಾಗಿಲ ಬಳಿ ಗೋಡೆಗೊರಗಿ ಕೂತು, ನೂರು ಸಲ ಕೇಳಿದ್ದಕ್ಕೂ ಈಗಷ್ಟೇ ಕೇಳಿದವರಂತೆ ಮೆಲ್ಲಗೆ ಹೂಂ ಎನ್ನುವರು. ಡಬ್ಬಿಗೆ ಕತೆ ತುಂಬಿಸಿದ ದಿನವೂ ಹಾಗೇ ಕೂತಿದ್ದರು.

ಈ ಮಾಘದಲ್ಲಿ ಅಪ್ಪ ತೀರಿಕೊಂಡರು. ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಸಂಜೆ ಅವ್ವ ಆ ಡಬ್ಬಿ ಹಚ್ಚು ಎಂದಳು. ತನ್ನ ಕತೆ ಕೇಳಲಿಕ್ಕಲ್ಲ ಎಂಬುದು ನನಗೂ ಗೊತ್ತಿತ್ತು. ಅಪ್ಪನ ದನಿ ಇರುವುದಾದರೆ ಅದೊಂದರಲ್ಲೇ.

ಹಚ್ಚಿದೆ. ಅವ್ವನ ದನಿ ಎದುರಿಗೇ ಕೂತು ಹೇಳಿದಷ್ಟು ಚೊಕ್ಕಟ. ಒಂದೂರಿನಲ್ಲಿ ಒಬ್ಬ ಮುದುಕಿ ಇದ್ದಳು ಎಂದು ಹೇಳಿ ಡಬ್ಬಿಯೊಳಗಿನ ಅವ್ವ ನಿಂತಳು. ಅಲ್ಲಿ ಏನೂ ಇಲ್ಲ. ನಾನು ವಾರಗಟ್ಟಲೆ ಹುಡುಕಿ ಆರಿಸಿದ ಅದೇ ಮೌನ. ಮತ್ತೆ ಕತೆ, ಮತ್ತೆ ಮೌನ. ಅಪ್ಪನ ಹೂಂ ಕೂಡ ನನ್ನ ಚಿಪ್‌ಗೆ ಫ್ಯಾನಿನ ಸದ್ದಿನ ಲೆಕ್ಕಕ್ಕೇ ಸೇರಿಹೋಗಿತ್ತು.

“ನಿಮ್ಮಪ್ಪನ ದನಿ ಎಲ್ಲೈತಿ?” ಅವ್ವ ಕೇಳಿದಳು.

ಬಾಗಿಲಿನ ಸಂಗತಿ ಹೇಳಿದೆ. ಹೊರಗುಳಿದ ಸದ್ದು ಎಲ್ಲಿಯೂ ಉಳಿಯುವುದಿಲ್ಲ, ಇನ್ನು ಯಾರಿಂದಲೂ ಅದನ್ನು ತರಲಾಗದು ಎಂದೂ ಹೇಳಿದೆ. ಚಿಪ್‌ನ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಅಂಕಿ ಬದಲಿಸಿದ್ದರೆ ಬಾಗಿಲು ತೆರೆದೇ ಇರುತ್ತಿತ್ತು ಎಂಬುದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ.

“ಅವರನ್ನ ಒಳಗ ಬಿಡಬೇಕಿತ್ತಪಾ” ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ಡಬ್ಬಿ ಬಂದ್ ಮಾಡಲು ಹೋದರೆ ಅವಳೇ ಕೈ ಹಿಡಿದಳು.

ಈಗ ಸಂಜೆಹೊತ್ತು ಅವಳು ಡಬ್ಬಿ ಹಚ್ಚಿಕೊಂಡಾಗ ನಾನು ಅಪ್ಪನ ಜಾಗದಲ್ಲಿ ಗೋಡೆಗೊರಗಿ ಕೂರುತ್ತೇನೆ. ಕತೆ ನಿಂತಲ್ಲೆಲ್ಲ ಹೂಂ ಎನ್ನುತ್ತೇನೆ. ಮೊದಲ ದಿನವೇ ಅವ್ವ ತಿದ್ದಿದಳು.

“ಅಷ್ಟ ಜಲ್ದಿ ಅಲ್ಲೋ. ಅವರು ಒಂಚೂರು ತಡದ ಅಂತಿದ್ರು.”

ತಡೆದು ಅನ್ನುವುದನ್ನು ಕಲಿಯುತ್ತಿದ್ದೇನೆ. ಅಪ್ಪನ ದನಿಯನ್ನು ಹೊರಗೆ ನಿಲ್ಲಿಸಿದ ಚಿಪ್, ಅವರ ಹೂಂ ಹಿಡಿಯುವಷ್ಟು ಜಾಗವನ್ನು ಮಾತ್ರ ಪ್ರತಿ ಸಾಲಿಗೂ ಖಾಲಿ ಬಿಟ್ಟಿದೆ. ನನ್ನದು ಅಲ್ಲಿ ಇನ್ನೂ ಸರಿಯಾಗಿ ಕೂರುತ್ತಿಲ್ಲ.