ಕೋಟುಗಳ ನಡುವೆ ಕುಳಿತು ಪಾಠ ಓದಿದ ಅಕ್ಕೋರು

ಕಳೆದ ವಾರ ಚಳಿಗಾಲದ ಕೋಟುಗಳನ್ನು ಹೊರತೆಗೆಯಲೆಂದು ಬಟ್ಟೆ ತೂಗುಹಾಕುವ ಪುಟ್ಟ ಕೋಣೆಯಾದ ಕ್ಲೋಸೆಟ್‌ನ ಬಾಗಿಲು ತೆರೆದಾಗ ನುಸಿಗುಳಿಗೆಯ ಮತ್ತು ಹಳೆಯ ಉಣ್ಣೆಯ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯಿತು. ಆ ವಾಸನೆಯಿಂದ ನೆನಪಾದವರೊಬ್ಬರ ಬಗ್ಗೆ ಈ ಕೆಳಗಿನ ಸಂಗತಿಗಳನ್ನು ಬರೆಯಲು ಇಚ್ಛಿಸುತ್ತೇನೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪದೋಷಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲಿಗೇ ವಿನಂತಿ.

ಆಗ ನಾವು ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಊರಿನ ಅಪಾರ್ಟ್‌ಮೆಂಟೊಂದರ ಕೆಳಮಹಡಿಯಲ್ಲಿದ್ದೆವು. ಮೇಲಿನ ಮನೆಯಲ್ಲಿದ್ದ ತಮ್ಮ ಮಗಳ ಬಳಿ ಆರು ತಿಂಗಳು ಇರಲೆಂದು ನಾನು ಹೇಳುತ್ತಿರುವ ಆ ಹಿರಿಯರು ಹುಬ್ಬಳ್ಳಿಯಿಂದ ಬಂದಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಲಾಂಡ್ರಿ ಕೋಣೆಯಲ್ಲಿ ಮೊದಲ ಬಾರಿ ಭೇಟಿಯಾದಾಗ ನಾನು ಆಂಟಿ ಎಂದು ಕರೆದದ್ದು ಅವರಿಗೆ ಹಿಡಿಸಲಿಲ್ಲ.

"ಆಂಟಿ-ಗೀಂಟಿ ಬ್ಯಾಡ ತಂಗಿ. ಊರ ತುಂಬ ನನಗ ಅಕ್ಕೋರು ಅಂತಾರ."

ಅವರ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರಂತೆ; ಅಂದಿನಿಂದ ನನಗೂ ಅವರು ಅಕ್ಕೋರೇ ಆದರು.

ಆ ದಿನಗಳಲ್ಲಿ ನಾನು ನ್ಯೂಯಾರ್ಕಿನ ಕೆಲಸ ಮುಗಿಸಿ, ರೈಲಿನಲ್ಲಿ ಬಂದು, ವಾರಕ್ಕೆರಡು ಸಂಜೆ ಕಮ್ಯುನಿಟಿ ಕಾಲೇಜಿನ ತರಗತಿಯೊಂದಕ್ಕೆ ಹೋಗುತ್ತಿದ್ದೆ. ಚಿತ್ರ, ಧ್ವನಿ, ಚಲನೆಗಳನ್ನು ಹೊಂದಿಸಿ ಪಾಠದ ವೆಬ್‌ಸೈಟ್ ಕಟ್ಟುವುದನ್ನು ಅಲ್ಲಿ ಕಲಿಸುತ್ತಿದ್ದರು. ಕೊನೆಯ ಪ್ರಾಜೆಕ್ಟ್‌ಗಾಗಿ, ನಮ್ಮ ಭಾನುವಾರದ ಕನ್ನಡ ಶಾಲೆಯ ಮಕ್ಕಳಿಗೆ ಪದಗಳನ್ನು ಕಲಿಸುವ ಸೈಟನ್ನು ಆರಿಸಿಕೊಂಡೆ. ಮಗು ಚಿತ್ರ ಒತ್ತಿದರೆ ಪದ ಕೇಳಿಸಬೇಕು; ಬಳಿಕ ಪದ ಕೇಳಿ ಅದರ ಚಿತ್ರವನ್ನು ಹುಡುಕಿ ಒತ್ತಬೇಕು. ಧ್ವನಿ ನೀಡುವಂತೆ ಅಕ್ಕೋರನ್ನು ಕೋರಿದೆ.

ಅವರು ಕೂಡಲೇ ಒಪ್ಪಲಿಲ್ಲ. ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಮುಂದೆ ಕುಳಿತು, ಬೇಕೆಂದೇ ತಪ್ಪು ಚಿತ್ರವನ್ನು ಒತ್ತಿದರು. ಕೆಂಪು ಗುರುತು ಮೂಡಿ ಕರ್ಕಶವಾದ ಸದ್ದಾಯಿತು.

"ಇದೇನವಾ, ಹುಡುಗ್ರನ್ನ ಕಲಿಸಾಕ ಕರದೀಯೋ, ಬೆದರಸಾಕೋ?"

"ತಪ್ಪು ಅಂತ ಗೊತ್ತಾಗ್ಬೇಕಲ್ವಾ ಅಕ್ಕೋರೆ. ಫೀಡ್‌ಬ್ಯಾಕ್ ಇರ್ಲೇಬೇಕು ಅಂತ ಪ್ರೊಫೆಸರ್ ಹೇಳಿದಾರೆ."

"ನಿಮ್ಮ ಪ್ರೊಫೆಸರ್ ಯಾವಾಗರ ಒಂದನೇ ಕ್ಲಾಸಿಗೆ ಕಲಿಸ್ಯಾರೇನು?"

ಸದ್ದನ್ನು ತೆಗೆಸಿದರು. ತಪ್ಪು ಒತ್ತಿದ ಮಗುವಿಗೆ ಅದು ಒತ್ತಿದ ಚಿತ್ರದ ಹೆಸರನ್ನೇ ಹೇಳಿ, ಮತ್ತೆ ಹುಡುಕಲು ಕರೆಯುವಂತೆ ಪುಟವನ್ನು ತಿದ್ದಿಸಿದರು. ಪಾಠ ಕಟ್ಟುವುದೆಂದರೆ ಏನೆಂದು ನಾನು ನಿಜವಾಗಿ ಕಲಿತದ್ದು ಆ ಮಧ್ಯಾಹ್ನ...

ಮನೆಯಲ್ಲಿ ಹೀಟರಿನ ಗುಂಯ್‌ಗುಡುವಿಕೆ ನಿಲ್ಲುತ್ತಿರಲಿಲ್ಲ. ದಪ್ಪ ಬಟ್ಟೆ ಸದ್ದನ್ನು ಹೀರುತ್ತದೆ ಎಂದು ತರಗತಿಯಲ್ಲಿ ತಿಳಿಸಿದ್ದರಿಂದ, ಅಕ್ಕೋರನ್ನು ಕ್ಲೋಸೆಟ್ಟಿನ ಕೋಟುಗಳ ನಡುವೆ ಸ್ಟೂಲ್ ಹಾಕಿ ಕೂರಿಸಿದೆ. ನಾಲ್ಕು ಶನಿವಾರ ಅಲ್ಲಿ ಬೆವರುತ್ತ ಓದಿದರು. ಆರು ವರ್ಷದ ಮೊಮ್ಮಗಳು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತಿರುತ್ತಿದ್ದಳು.

"ಅಜ್ಜಿ, ಆರ್ ಯೂ ಡನ್?"

"ಡನ್ನೂ ಇಲ್ಲ ಗಿನ್ನೂ ಇಲ್ಲ, ಸುಮ್ಕ ಕೂಡ್ರು," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಆ ವಾಕ್ಯವೂ ಧ್ವನಿಮುದ್ರಣವಾಗಿ, ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು.

ಕೊನೆಯ ಶನಿವಾರ ಹೊರಬಂದು ಮುಖ ಒರೆಸಿಕೊಳ್ಳುತ್ತ, ಮೊಮ್ಮಗಳತ್ತ ನೋಡಿ ಹೇಳಿದರು: "ಫೋನಿನ್ಯಾಗ ಈಕಿ ನನ್ನ ಕೂಡ ಎರಡ ಮಾತ ಆಡೂದಿಲ್ಲ ತಂಗಿ. ನಾ ಹ್ವಾದಮ್ಯಾಲ ಇದನ್ನರ ಒತ್ತಿ ಕೇಳ್ತಾಳ."

ಅವರು ಒಪ್ಪಿದ್ದು ಅದಕ್ಕಾಗಿಯೇ ಎಂದು ನನಗೆ ಅಂದು ತಿಳಿಯಿತು.

ಅವರು ಊರಿಗೆ ಮರಳಿದ ಬಳಿಕ ಸೈಟನ್ನು ಶಾಲೆಯ ಪೋಷಕರಿಗೆ ತೋರಿಸಿದೆ. "ಚೆನ್ನಾಗಿದೆ ರೀ. ಆದ್ರೆ ಆಕ್ಸೆಂಟ್ ತುಂಬಾ ಸ್ಟ್ರಾಂಗ್ ಅಲ್ವಾ? ಕಿಡ್ಸ್ ಕನ್‌ಫ್ಯೂಸ್ ಆಗ್ತಾರೆ. ನೀವೇ ಮಾತಾಡ್ಬಿಡಿ, ಸಿಂಪಲ್," ಎಂದರು ಒಬ್ಬರು. ಕೆಲವರು ನಕ್ಕರು. ನಾನೂ ನಕ್ಕೆ ಎಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಪ್ರಾಜೆಕ್ಟ್ ಸಲ್ಲಿಸಲು ಎರಡು ದಿನ ಉಳಿದಿತ್ತು. ವಾದಿಸುವಷ್ಟು ಶಕ್ತಿ ಇರಲಿಲ್ಲ. ಅದೇ ಕ್ಲೋಸೆಟ್ಟಿನಲ್ಲಿ ಕುಳಿತು ಎಲ್ಲವನ್ನೂ ನನ್ನ ದನಿಯಲ್ಲಿ ಓದಿದೆ. ಫೈಲುಗಳ ಹೆಸರು ಬೇರೆಯಾದರೆ ಪ್ರತಿ ಪುಟವನ್ನೂ ತೆರೆದು ತಿದ್ದಬೇಕಾಗುತ್ತದೆಂದು, ಹಳೆಯ ಹೆಸರುಗಳಲ್ಲಿಯೇ ಉಳಿಸಿದೆ. ಹಳೆಯದರ ಜಾಗದಲ್ಲಿ ಹೊಸದನ್ನು ಇಡಲೇ ಎಂದು ಕಂಪ್ಯೂಟರು ಕೇಳಿತು. ಎಲ್ಲದಕ್ಕೂ ಹೌದು ಎಂದು ಒತ್ತಿದೆ. ಬೇರೆಲ್ಲೂ ನಕಲು ಇಟ್ಟಿರಲಿಲ್ಲ.

ತಿಂಗಳ ನಂತರ ಅಕ್ಕೋರ ಫೋನು ಬಂತು.

"ನೋಡಿದೆ ತಂಗಿ. ಚೊಲೊ ಆಗೇದ. ನಿನ್ನ ದನಿ ಭಾಳ ಸ್ವಚ್ಛ ಅದ."

ನಾನು ಕಾರಣ ವಿವರಿಸಲು ತೊಡಗುವಷ್ಟರಲ್ಲಿ, ಇಲ್ಲಿ ಸ್ನೋ ಬಿದ್ದಿತೇ ಎಂದು ಕೇಳಿದರು. ಮುಂದಿನ ವರ್ಷಗಳಲ್ಲಿಯೂ ಆಗಾಗ ಮಾತನಾಡಿದೆವು. ಪ್ರತಿ ಬಾರಿ ಹೇಳಬೇಕೆಂದುಕೊಂಡೆ, ಪ್ರತಿ ಬಾರಿ ಮುಂದೂಡಿದೆ... ಅವರು ತೀರಿಕೊಂಡ ಸುದ್ದಿ ತಲುಪಿದಾಗ ನಾನು ಕೆಲಸಕ್ಕೆ ಹೋಗುವ ರೈಲಿನಲ್ಲಿ ನಿಂತಿದ್ದೆ. ಇಳಿಯಬೇಕಾದ ಕಡೆ ಇಳಿದು, ಎಂದಿನಂತೆ ಕೆಲಸಕ್ಕೆ ಹೋದೆ.

ಮೊಮ್ಮಗಳು ಈಗ ಕಾಲೇಜು ಓದುತ್ತಿದ್ದಾಳೆ. ಮೊನ್ನೆ ಶನಿವಾರ ಮನೆಗೆ ಬಂದಿದ್ದಳು.

"ಆಂಟಿ, ಅಜ್ಜಿ ರೆಕಾರ್ಡಿಂಗ್ಸ್ ನಿಮ್ಮತ್ರ ಇದ್ಯಾ? ಐ ಜಸ್ಟ್ ವಾಂಟ್ ಟು ಹಿಯರ್ ಹರ್."

ನಡೆದದ್ದನ್ನು ನಡೆದಂತೆಯೇ ತಿಳಿಸಿದೆ. ಅವಳು ಕಾಫಿಯ ಲೋಟವನ್ನು ಬದಿಗಿಟ್ಟಳು.

"ಡಿಡ್ ಅಜ್ಜಿ ನೋ?"

"ಗೊತ್ತಿತ್ತು. ಏನೂ ಕೇಳಲಿಲ್ಲ."

"ಐ ಕ್ಲಿಕ್ಡ್ ಎವ್ರಿ ಪಿಕ್ಚರ್, ಆಂಟಿ," ಎಂದಳು. ನಂತರ ತಡವರಿಸಿ, ಕನ್ನಡದಲ್ಲಿ: "ಅಜ್ಜಿ ಒಂದ್ರಲ್ಲಾದ್ರೂ ಇರ್ತಾರೆ ಅಂತ."

ಆ ಸೈಟು ಶಾಲೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಯಾವ ಚಿತ್ರವನ್ನು ಒತ್ತಿದರೂ ನಾನೇ ಮಾತನಾಡುತ್ತೇನೆ.