ಫಿಲ್ ಇನ್ ಮಾಡುವ ಡಾಕ್ಟರು

ಇಂಗ್ಲಿಷಿನಲ್ಲಿ ಕೇಳಿದೊಡನೆ ನನ್ನ ಮೈ ಉರಿಯುವ ಮಾತೊಂದಿದೆ: ಫಿಲ್ ಇನ್. ಅಂದರೆ ಬರಬೇಕಾದವರು ಬರದಿದ್ದಾಗ ಅವರ ಜಾಗದಲ್ಲಿ ನಿಂತು ಕೆಲಸ ನಿಭಾಯಿಸುವುದು. ಮೈಸೂರಿನಲ್ಲಿ ಓದುವಾಗ ಇದು ನನ್ನ ಕಿವಿಗೇ ಬಿದ್ದಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಪರ್ತ್‌ಗೆ ಬಂದಿಳಿದೆ, ಆಮೇಲೆ ಅಡಿಲೇಡ್. ಎರಡೂ ಕಡೆ ರಜೆ ಹೋದವರ ಡ್ಯೂಟಿಯೇ ನನ್ನ ಡ್ಯೂಟಿ. ಕೇಳುವುದೇನೋ ನಯವಾಗಿ, ಪ್ರಶ್ನೆಯ ಧಾಟಿಯಲ್ಲೇ. ಒಮ್ಮೆ ಇಲ್ಲ ಎಂದು ನೋಡಿ, ಅದು ಪ್ರಶ್ನೆಯಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಎಂಬತ್ತರ ದಶಕದ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿ ಮನೆ, ಪಕ್ಕದ ಇಪ್ಸ್‌ವಿಚ್‌ನಲ್ಲಿ ಆಸ್ಪತ್ರೆ ಕೆಲಸ. ಅಲ್ಲಿನ ಮೊದಲ ಕ್ರಿಸ್‌ಮಸ್. ಮಧ್ಯಾಹ್ನ ನಮ್ಮ ಚರ್ಚಿನಲ್ಲಿ ಮಕ್ಕಳು ಅಪ್ಪಂದಿರ ಕೈ ಹಿಡಿದು ಗೋದಲಿಯವರೆಗೆ ನಡೆಯುವುದಿತ್ತು. ಮಗಳು ಬಿಳಿ ಫ್ರಾಕು ತೊಟ್ಟು ಬೆಳಗಿನಿಂದಲೇ ಸಿದ್ಧ. ಅಷ್ಟರಲ್ಲಿ ನಮ್ಮ ವಿಭಾಗದ ದೊಡ್ಡ ಡಾಕ್ಟರನ ಫೋನು.

“ಈ ಆರ್ವೋ ಫಿಲ್ ಇನ್ ಮಾಡ್ತೀಯಾ, ಮೇಟ್? ನಿಮ್ಮೋರಿಗೆ ಇವತ್ತು ಹಬ್ಬ ಇಲ್ವಲ್ಲ.” ಆರ್ವೋ ಅಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ.

“ನಾನು ಕ್ರಿಶ್ಚಿಯನ್ನು. ನಮ್ಮಜ್ಜನ ಕಾಲದಿಂದ್ಲೂ.”

“ಓ, ಹೌದಾ!” ಎಂದು ನಕ್ಕ. “ಸರಿ, ಎರಡು ಗಂಟೆಗೆ ಬಂದ್ಬಿಡು.”

ನನ್ನ ಹುದ್ದೆ ಕಾಯಂ ಆಗುವುದು ಆ ಮನುಷ್ಯನ ಒಂದು ಮಾತಿನ ಮೇಲೆ ನಿಂತಿತ್ತು. ಹಲ್ಲು ಕಚ್ಚಿಕೊಂಡು ಹೋದೆ. ಅವನು ಮನೆಯ ಹಿತ್ತಲಲ್ಲಿ ಬಾರ್ಬಿ ಒಲೆ ಹಚ್ಚಿ ಮಾಂಸ ಸುಡುತ್ತಿದ್ದಾನೆಂದು ನರ್ಸೊಬ್ಬಳು ಹೇಳಿದಳು. ಕೈಯಲ್ಲಿದ್ದ ಸ್ಟೆತಾಸ್ಕೋಪನ್ನು ಮೇಜಿನ ಮೇಲೆ ಕುಕ್ಕಿದೆ. ಪಾಪ, ಅವಳೇ ಬೆಚ್ಚಿಬಿದ್ದಳು.

ಸಂಜೆ ಮನೆಗೆ ಬಂದರೆ ಮಗಳೇ ನನಗೆ ಸಮಾಧಾನ ಹೇಳಿದಳು. “ಇಟ್ಸ್ ಓಕೆ, ಡ್ಯಾಡ್. ನೆಕ್ಸ್ಟ್ ಡೋರ್ ಅಂಕಲ್ ಫಿಲ್ಡ್ ಇನ್.”

ಎಷ್ಟು ಸರಿಯಾಗಿ ಬಳಸಿದಳು ಆ ಮಾತನ್ನು! ಪಕ್ಕದ ಮನೆಯವರು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ದಿನ ಅವರ ಮುಖ ನೋಡಲಾಗಲಿಲ್ಲ.

ಮರುವರ್ಷವೂ ಅದೇ ಫೋನು, ಅದರ ಮರುವರ್ಷವೂ. ಮಗಳ ಕೈ ಹಿಡಿದು ನಡೆದದ್ದು ಪ್ರತಿಸಲವೂ ಪಕ್ಕದ ಮನೆಯವರೇ. ಕೊನೆಗೂ ಹುದ್ದೆ ಕಾಯಂ ಆಯಿತು. ಆ ಕ್ರಿಸ್‌ಮಸ್ ಬೆಳಿಗ್ಗೆ ಫೋನು ಬಂದದ್ದೇ ತಡ, “ಆಗಲ್ಲ. ಈ ಸಲ ನೀನೇ ಫಿಲ್ ಇನ್ ಮಾಡು” ಎಂದು ರಿಸೀವರ್ ಇಟ್ಟುಬಿಟ್ಟೆ. ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಒಂದೇ ಏಟಿಗೆ ಕಾರಿಕೊಂಡಂತಾಯಿತು. ಇದ್ದುದರಲ್ಲಿ ಒಳ್ಳೆಯ ಸೂಟು ತೊಟ್ಟು ಹೊರಗೆ ಬಂದೆ.

ಮಗಳು ಗೇಟಿನ ಬಳಿ ನಿಂತು ಪಕ್ಕದ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಅಂಕಲ್‌ಗೆ ಜ್ವರವಂತೆ, ಅವರು ಬರುವುದಿಲ್ಲವಂತೆ. ಮುಖ ಸಪ್ಪಗೆ ಮಾಡಿಕೊಂಡು ನನ್ನತ್ತ ತಿರುಗಿದಳು.

“ಡ್ಯಾಡ್, ಕ್ಯಾನ್ ಯೂ ಫಿಲ್ ಇನ್?”