ಬೀಗರಿಗೊಂದು ಚಾಕು

ಬೀಗರಿಗೆ ಏನು ಬೇಕಾದರೂ ಕೊಡಬಹುದು, ಚಾಕು ಮಾತ್ರ ಕೊಡಬಾರದು. ಚಾಕು ಕೊಟ್ಟರೆ ಸಂಬಂಧ ಕಡಿಯುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಕೂಸು ಕುನ್ನಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಿದೆ, ಅದೂ ಮಗಳ ನಿಶ್ಚಯದ ಹೊತ್ತಿಗೆ. ನನ್ನ ಹೆಂಡತಿ ನಾಲ್ಕು ಜನ ಸೇರಿದಲ್ಲೆಲ್ಲ ಈ ಕತೆಯನ್ನು ತನ್ನ ಧಾಟಿಯಲ್ಲಿ ಹೇಳುತ್ತಾಳೆ. ಅದರಲ್ಲಿ ನಾನು ಶುದ್ಧ ಪೆದ್ದ. ಅದಕ್ಕೇ ಒಮ್ಮೆ ನನ್ನ ಧಾಟಿಯಲ್ಲೂ ಹೇಳಿಬಿಡುತ್ತೇನೆ.

ಮಂಡಿಪೇಟೆಯಲ್ಲಿ ನನ್ನದು ಹಗ್ಗ, ತಾಡಪಾಲು, ಗೋಣಿಚೀಲದ ಅಂಗಡಿ. ವಾರವಿಡೀ ಧೂಳು, ಲಾರಿ, ಹಮಾಲರ ಕೂಗು, ಅದರ ಮೇಲೆ ನನ್ನ ಕೂಗು. ಭಾನುವಾರ ಬಂತೆಂದರೆ ಸ್ಕೂಟರಿಗೆ ಒಂದು ಪಾತ್ರೆ, ಅಕ್ಕಿ, ಬದನೆಕಾಯಿ, ಈರುಳ್ಳಿ ಕಟ್ಟಿಕೊಂಡು ಕೊಂಡಜ್ಜಿ ಕೆರೆಯ ಆಚೆ ಗೆಳೆಯನೊಬ್ಬನ ಹೊಲಕ್ಕೆ ಹೋಗುತ್ತೇನೆ. ಬದುವಿನ ಮೇಲೆ ಮೂರು ಕಲ್ಲು ಹೂಡಿ, ಪುಳ್ಳೆ ಆರಿಸಿ, ಅಲ್ಲೇ ಬೇಯಿಸಿ ಉಣ್ಣುತ್ತೇನೆ. "ಮನ್ಯಾಗ ಗ್ಯಾಸ್ ಐತೆ, ಫ್ಯಾನ್ ಐತೆ, ನಾನದೀನಿ. ಬಿಸಿಲಾಗ ಕುಂತು ಹೊಗಿ ಕುಡಿಯಾಕ ಅಲ್ಲೀತನಕ ಹೋಗ್ಬೇಕಾ?" ಎಂದು ಹೆಂಡತಿ ಪ್ರತಿ ವಾರ ಕೇಳುತ್ತಾಳೆ. ಹೊಗೆ ಹತ್ತಿದ ಅನ್ನಕ್ಕೆ ಬೇರೆಯೇ ರುಚಿ ಎಂದು ಹೇಳಿದರೆ ಆಕೆಯ ಕೈಯಡುಗೆಗೆ ಹೆಸರಿಟ್ಟ ಹಾಗಾಗುತ್ತದೆ.

ಮೊದಲು ನನ್ನ ಹತ್ತಿರ ಇದ್ದದ್ದು ಮಡಚುವ ಚಾಕು. ಒಂದು ದಿನ ತೆಂಗಿನಕಾಯಿ ಕೆತ್ತುವಾಗ ಅದು ತಾನಾಗಿಯೇ ಮಡಚಿಕೊಂಡು ನನ್ನ ಬೆರಳನ್ನೇ ಹಿಡಿಯಿತು. ರಕ್ತ ನಿಂತ ಮೇಲೂ ಸಿಟ್ಟು ನಿಲ್ಲಲಿಲ್ಲ. ಚಾಕನ್ನು ಕೆರೆಗೆ ಎಸೆದು, ಮಾರನೆಯ ದಿನವೇ ಹರಿಹರಕ್ಕೆ ಹೋದೆ. ಅಲ್ಲಿ ಹೊಳೆಯ ಕಡೆಗಿನ ಓಣಿಯೊಂದರಲ್ಲಿ ಕುಡುಗೋಲು, ಕೊಡಲಿ ಮಾಡಿಕೊಡುವ ಒಬ್ಬ ಸಾಬರಿದ್ದಾರೆ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ: ಮಡಚದ ಚಾಕು, ಬೆನ್ನಿನ ಮೇಲೆ ಗರಗಸದಂತೆ ಹಲ್ಲು.

"ಇದು ಚಾಕು ಏನ್ರಿ ಸಾವ್ಕಾರ್ರೆ, ಗರಗಸ ಏನ್ರಿ?" ಎಂದರು ಅವರು.

"ಎರಡೂ."

"ನೀವು ಕಾಡಿನ್ಯಾಗ ಏನ್ ಕಡೀತೀರಿ?"

"ಬದನೇಕಾಯಿ."

ಅವರು ತಿದಿ ಒತ್ತುವುದನ್ನು ಬಿಟ್ಟು ನಕ್ಕರು. ನನಗೂ ನಗು ಬಂತು. ಹಲ್ಲಿನ ಆಸೆಯನ್ನು ಅಲ್ಲೇ ಬಿಟ್ಟೆ. ಹಳೇ ಲಾರಿಯ ಕಮಾನು ಪಟ್ಟಿಯಿಂದ ಒಂದು ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ಹದ ಮಾಡಿದರು. ನನ್ನ ಅಂಗೈಗಿಂತ ತುಸು ಉದ್ದದ ಅಲಗು, ದಪ್ಪ ಬೆನ್ನು, ಜಾಲಿ ಕಟ್ಟಿಗೆಯ ಹಿಡಿಗೆ ಹಿತ್ತಾಳೆ ಮೊಳೆ. ಅಲಗಿನ ಕಬ್ಬಿಣವೇ ಹಿಡಿಯೊಳಗೆ ಕೊನೆಯವರೆಗೂ ಹೋಗಿತ್ತು, ಎಷ್ಟು ಬಲ ಹಾಕಿದರೂ ಅಲುಗುತ್ತಿರಲಿಲ್ಲ. ಚರ್ಮದ ಒರೆಯನ್ನು ಪಕ್ಕದ ಚಪ್ಪಲಿ ಅಂಗಡಿಯಲ್ಲಿ ಹೊಲಿಸಿದೆ. ಮುಂದಿನ ಭಾನುವಾರ ಅದರಿಂದ ಪುಳ್ಳೆ ಸೀಳಿದೆ, ಈರುಳ್ಳಿ ಹೆಚ್ಚಿದೆ, ಕಾಯಿ ಕೆತ್ತಿದೆ. ಕೆಲಸವೆಲ್ಲ ಮುಗಿದ ಮೇಲೆ ಸುಮ್ಮನೆ ಒಂದು ಕಡ್ಡಿಯನ್ನು ಕೆತ್ತುತ್ತಾ ಸಂಜೆಯವರೆಗೆ ಕೂತಿದ್ದೆ. ಅಷ್ಟು ಖುಷಿಯಾಗಿತ್ತು.

ಅದೇ ವರ್ಷ ಮಗಳು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಹುಡುಗ ಹರಿಹರದವನು, ಅವಳ ಜೊತೆಗೇ ಕಾಲೇಜು ಓದಿದವನು, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ನಾವು ತೋರಿಸಿದ ವರಗಳಿಗೆಲ್ಲ ಮೂಗು ಮುರಿದಿದ್ದವಳು ಇವನ ಹೆಸರು ಹೇಳುವಾಗ ನೆಲ ನೋಡುತ್ತಿದ್ದಳು. ನಮಗೆ ಅಷ್ಟು ಸಾಕಾಗಿತ್ತು. ತೊಡಕು ಇದ್ದದ್ದು ಅವರ ಮನೆಯಲ್ಲಿ. ಹುಡುಗನ ತಂದೆ, ಅಂದರೆ ಮುಂದೆ ನನ್ನ ಬೀಗರಾಗುವವರು, ತುಂಬಾ ಮೆದು ಮನುಷ್ಯ. ಆದರೆ ಕೊಕ್ಕನೂರಿನಲ್ಲಿ ಕಮತ ಮಾಡಿಕೊಂಡಿರುವ ಅವರ ಅಕ್ಕನ ಮಾತು ಮೀರಿ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಆಕೆಗೆ ಶಕುನದ ನಂಬಿಕೆ ಜಾಸ್ತಿ. ಹಿಂದೆ ಒಂದು ಹೆಣ್ಣು ನೋಡಲು ಹೊರಟಾಗ ಹಾಲಿನ ತಂಬಿಗೆ ಉರುಳಿತೆಂದು ಹೊಸಿಲು ದಾಟದೆ ಎಲ್ಲರನ್ನೂ ವಾಪಸು ಕರೆದಿದ್ದರಂತೆ. ಮಗಳು ನನಗೆ ಮೊದಲೇ ಹೇಳಿಟ್ಟಳು: "ಅಪ್ಪಾಜಿ, ಬೀಗರ ಮನಿಗೆ ಹೋಗುವಾಗ ಬಾಯಿಗೊಂದು ಬೀಗ ಹಾಕ್ಕೊಂಡು ಬರ್ರಿ. ನನಗೋಸ್ಕರ."

ಬಾಯಿಗೆ ಬೀಗ ಹಾಕಿಕೊಂಡೆ. ಕೈಗೆ ಹಾಕಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ.

ಮಾತುಕತೆ ಮುಗಿದ ವಾರ ಬೀಗರನ್ನು ನನ್ನ ಭಾನುವಾರದ ಅಡುಗೆಗೆ ಕರೆದೆ. ಅವರಿಗೆ ಬದನೆಕಾಯಿ ಹೆಚ್ಚಲು ಕೊಟ್ಟೆ. ಬದನೆಕಾಯಿ ಮುಗಿಯಿತು, ಈರುಳ್ಳಿ ಮುಗಿಯಿತು, ಅವರು ಚಾಕು ಕೆಳಗಿಡಲಿಲ್ಲ. ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಉಗುರಿನ ಮೇಲಿಟ್ಟು ಹರಿತ ನೋಡಿದರು. "ಏನ್ರಿ ಬೀಗರ, ಬೆಣ್ಣಿ ಕೊಯ್ದಂಗ ಕೊಯ್ತೈತಲ್ರಿ ಇದು" ಎಂದರು. ಊಟವಾದ ಮೇಲೆ ಕೈ ತೊಳೆದು ಬಂದು ಮತ್ತೆ ಅದನ್ನೇ ಎತ್ತಿಕೊಂಡರು. ಬಾಯಿಬಿಟ್ಟು ಕೇಳುವ ಜನ ಅವರಲ್ಲ. ಕೇಳದವರಿಗೆ ಕೊಡದೆ ಇರುವ ಜನ ನಾನೂ ಅಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ.

"ನಿಶ್ಚಯದಾಗ ಚಾಕು ಕೊಡ್ತೀರಾ? ಕೂಡೋ ಮುಂಚೇನೇ ಕಡಿಯಾಕಾ? ಆ ಅಕ್ಕ ನೋಡಿದ್ರೆ ಏನಾಗತೈತೆ ಗೊತ್ತೈತಾ? ನಿಮ್ಮ ಮಗಳು ಜನ್ಮದಾಗ ನಿಮ್ಮ ಮುಖ ನೋಡಲ್ಲ. ಬ್ಯಾಡ ಅಂದ್ರೆ ಬ್ಯಾಡ."

"ಆತು ಬಿಡು" ಎಂದೆ. ಮರುದಿನ ಹರಿಹರಕ್ಕೆ ಹೋಗಿ ಸಾಬರಿಗೆ ಇನ್ನೊಂದು ಚಾಕು ಮಾಡಲು ಹೇಳಿ ಬಂದೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ನಿಶ್ಚಯ ಬೀಗರ ಮನೆಯಲ್ಲೇ. ಊಟವಾದ ಮೇಲೆ ಅವರನ್ನು ಹಿತ್ತಲಿಗೆ ಕರೆದು, ಚಾಕನ್ನು ಕಲ್ಲಿನ ಮೇಲಿಟ್ಟು, "ತಗೊಳ್ರಿ" ಅಂದರಾಯಿತು. ಅಕ್ಕ ನೋಡುವ ಪ್ರಶ್ನೆಯೇ ಇಲ್ಲ. ಬೀಗರಿಗೆ ಕೊಡುವ ವಸ್ತುವನ್ನು ಪೇಪರಿನಲ್ಲಿ ಸುತ್ತಿಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು, ಬೀರುವಿನಲ್ಲಿದ್ದ ಒಂದು ಹಸಿರು ಖಣ ತೆಗೆದು, ಒರೆಯ ಸಮೇತ ಚಾಕನ್ನು ಅದರಲ್ಲಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ನನ್ನ ಚೀಲದಲ್ಲಿಟ್ಟುಕೊಂಡೆ. ಖಣ ಎಂದರೆ ಹೆಂಗಸರಿಗೆ ಉಡಿ ತುಂಬುವ ಕುಪ್ಪಸದ ಬಟ್ಟೆ ಎನ್ನುವುದು ನನಗೆ ತಿಳಿಯದ್ದೇನಲ್ಲ. ಹೊಳೆಯಲಿಲ್ಲ, ಅಷ್ಟೇ.

ಹೊಳೆದದ್ದು ನನ್ನ ನಾದಿನಿಗೆ. ಬೀಗರ ಮನೆಯ ಪಡಸಾಲೆಯಲ್ಲಿ ತಟ್ಟೆಗಳನ್ನು ಜೋಡಿಸುವಾಗ ಒಂದು ಖಣ ಕಡಿಮೆ ಬಿತ್ತಂತೆ. ನನ್ನ ಚೀಲದ ಬಾಯಲ್ಲಿ ಹಸಿರು ಖಣದ ಅಂಚು ಕಂಡಿತಂತೆ. ಭಾವ ಮರೆತು ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದಾರೆ ಎಂದುಕೊಂಡು ತೆಗೆದು, ಎಲ್ಲಕ್ಕಿಂತ ಮುಂದಿನ ತಟ್ಟೆಯಲ್ಲಿಟ್ಟಳು. ಒಳಗೆ ಗಟ್ಟಿಯಾಗಿ ಏನೋ ಇತ್ತಲ್ಲ ಎಂದು ಆಮೇಲೆ ಕೇಳಿದರೆ, "ಬೆಳ್ಳಿ ಸಾಮಾನು ಇಟ್ಟಿರ್ತೀರಿ ಅನ್ಕೊಂಡೆ ಭಾವ" ಎಂದಳು. ನನ್ನ ಬಗ್ಗೆ ಅಷ್ಟು ದೊಡ್ಡ ಅಭಿಪ್ರಾಯ ಇಟ್ಟುಕೊಂಡವಳು ಅವಳೊಬ್ಬಳೇ.

ಉಂಗುರ ಬದಲಾಯಿತು, ಎಲೆ ಅಡಿಕೆ ಬದಲಾಯಿತು. ಬೀಗಿತ್ತಿಯರಿಗೆ ಉಡಿ ತುಂಬುವ ಹೊತ್ತು ಬಂತು. ಹಿರಿಯ ಮುತ್ತೈದೆಯಿಂದಲೇ ಶುರುವಾಗಬೇಕು. ಹಿರಿಯ ಮುತ್ತೈದೆ ಎಂದರೆ ಅಕ್ಕ. ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮಣೆಯ ಮೇಲೆ ಕೂತಿದ್ದರು. ನನ್ನ ಹೆಂಡತಿ ಅದರಲ್ಲಿ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಅರಿಷಿಣದ ಕೊಂಬು ಹಾಕಿದಳು, ಕೊನೆಗೆ ತಟ್ಟೆ ಬಗ್ಗಿಸಿ ಖಣ ಜಾರಿಸಿದಳು. ಖಣ ಸೆರಗಿನೊಳಗೆ ಧೊಪ್ಪೆಂದು ಬಿತ್ತು.

ಖಣ ಹಾಗೆ ಬೀಳುವುದಿಲ್ಲ. ಅಕ್ಕ ಒಂದು ಕೈಯಿಂದ ಸುರುಳಿ ಬಿಚ್ಚಿದರು. ಒರೆ ಕಾಣಿಸಿತು. ಹಿಡಿ ಹಿಡಿದು ಎಳೆದರು. ಟ್ಯೂಬ್‌ಲೈಟಿನ ಬೆಳಕಿಗೆ ಅಲಗು ಪಳಪಳ ಹೊಳೆಯಿತು. ಸಾಬರು ಈ ಸಲ ಇನ್ನೂ ಚೆನ್ನಾಗಿ ಸಾಣೆ ಹಿಡಿದಿದ್ದರು ಎನ್ನುವುದು ಆ ಗಾಬರಿಯಲ್ಲೂ ನನ್ನ ಕಣ್ಣಿಗೆ ಬಿತ್ತು.

"ಅಯ್ಯೋ ಶಿವನೇ" ಎಂದರು ಯಾರೋ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕಿಂತ ಚಾಕೇ ಮೊಂಡು. ಬೀಗರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಏನಾಗಿದೆ ಎಂದು ಅವರಿಗೆ ಅರ್ಥವಾಗಿತ್ತು, ಪಾಪ, ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಿದ್ದರು. ನನ್ನ ಮಗಳ ಮದುವೆಯನ್ನು ನನ್ನ ಕೈಯಾರೆ ಕಡಿದೆ ಎಂದು ಖಂಡಿತವಾಗಿ ಅನಿಸಿತು.

ಮಗಳು ಕುಂಕುಮದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು. ಬಟ್ಟಲು ಕೆಳಗಿಟ್ಟಳು. ಹಣ್ಣಿನ ತಟ್ಟೆಯಿಂದ ಒಂದು ನಿಂಬೆಹಣ್ಣು ಎತ್ತಿಕೊಂಡು, ಅಕ್ಕನ ಮುಂದೆ ಮಂಡಿಯೂರಿ ಕೂತು, ಅವರ ಕೈಯಲ್ಲೇ ಇದ್ದ ಚಾಕಿನ ತುದಿಗೆ ಅದನ್ನು ಚುಚ್ಚಿದಳು.

"ಮದುಮಗನ ಕಟಾರಿ, ದೊಡ್ಡತ್ತೆರೇ. ಅಪ್ಪಾಜಿ ನಿಮ್ಮ ಹರಿಹರದಾಗೇ ಮಾಡಿಸ್ಯಾರೆ. ಮೊದಲು ನಿಮ್ಮ ಕೈಗೇ ಬರ್ಲಿ ಅಂತ ಉಡಿಯಾಗ ಇಟ್ಟೇವಿ."

ಹೌದಲ್ಲ! ಅರಿಷಿಣ ಹಚ್ಚಿದ ಮೇಲೆ ಮದುಮಗನಿಗೆ ದೃಷ್ಟಿ ತಾಗದಿರಲೆಂದು ಕೈಯಲ್ಲಿ ಕಟಾರಿ ಕೊಡುತ್ತಾರೆ, ತುದಿಗೆ ನಿಂಬೆಹಣ್ಣು ಸಿಕ್ಕಿಸಿರುತ್ತಾರೆ. ನಾನೂ ಹಿಡಿದಿದ್ದೆ. ಅಷ್ಟು ಜನ ಹಿರಿಯರಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ.

ಅಕ್ಕ ನಿಂಬೆಹಣ್ಣನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಕಟಾರಿ ಅರಿಷಿಣದ ದಿನ ಹಿಡೀತಾರವ್ವಾ. ನಿಶ್ಚಯದಾಗ ಅಲ್ಲ."

ಮಗಳು ಕಣ್ಣು ತಗ್ಗಿಸಲಿಲ್ಲ. "ಅಪ್ಪಾಜಿಗೆ ಸ್ವಲ್ಪ ಅವಸರ ಜಾಸ್ತಿ" ಎಂದಳು.

ಮೊದಲು ಅಕ್ಕನ ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಉಡಿಯಲ್ಲಿದ್ದ ಅಕ್ಕಿಯೆಲ್ಲ ಚೆಲ್ಲುವ ಹಾಗೆ ನಕ್ಕರು. "ಬೀಗರಿಗೆ ಅಷ್ಟು ಅವಸರ ಐತೆ ಅಂದ್ರೆ ಸುಗ್ಗೀತನಕ ಯಾಕ ಕಾಯ್ಬೇಕು? ದೀಪಾವಳಿ ಆದ ಕೂಡ್ಲೇ ಮದುವಿ ಇಟ್ಕೊಳ್ರಿ" ಎಂದರು. ಪಡಸಾಲೆಗೆ ಮತ್ತೆ ಉಸಿರು ಬಂತು. ಅಕ್ಕ ಚಾಕನ್ನು ಒರೆಗೆ ಸೇರಿಸಿ, ಅಕ್ಕಿ ಕೊಬ್ಬರಿಯ ಜೊತೆಗೇ ಉಡಿಯಲ್ಲಿ ಕಟ್ಟಿಕೊಂಡು ಎದ್ದರು. ಬೀಗರ ಮುಖ ಸಪ್ಪಗಾದದ್ದನ್ನು ನಾನೊಬ್ಬನೇ ನೋಡಿದೆ.

ಮದುವೆಯವರೆಗೆ ಬೀಗರು ನನಗೆ ಆಗಾಗ ಫೋನು ಮಾಡುತ್ತಿದ್ದರು. ಛತ್ರ, ಅಡುಗೆಯವರು, ವಾಲಗ ಎಲ್ಲ ಮಾತಾಡಿದ ಮೇಲೆ ದನಿ ತಗ್ಗಿಸುತ್ತಿದ್ದರು. "ಬೀಗರೇ, ಕೊಕ್ಕನೂರಿಗೆ ಹೋಗಿದ್ದೆ. ಅಕ್ಕ ಅದರಾಗ ಪ್ಯಾರಲಹಣ್ಣು ಕೊಯ್ಕಂಡು ತಿಂತಿದ್ಲು. ಕೇಳಿದ್ರೆ ಕೊಡವಲ್ಲಳ್ರಿ." ಇನ್ನೊಂದು ಮಾಡಿಸಿ ಕೊಡುವ ಧೈರ್ಯ ನನಗಿರಲಿಲ್ಲ. ಹೆಂಡತಿ ನನ್ನ ಚೀಲವನ್ನು ದಿನಾ ತಪಾಸಣೆ ಮಾಡುತ್ತಿದ್ದಳು.

ಅರಿಷಿಣದ ದಿನ ಅಕ್ಕ ತಾವೇ ಚಾಕು ತಂದು ಮದುಮಗನ ಕೈಗೆ ಕೊಟ್ಟರು. ತಾಳಿ ಕಟ್ಟುವವರೆಗೂ ಅದು ಅವನ ಜೊತೆಗಿತ್ತು. ಅಕ್ಷತೆ ಬಿದ್ದ ಮರುಗಳಿಗೆಯೇ ಅಕ್ಕ ಕೈ ಚಾಚಿ ವಾಪಸು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸಂಜೆ ಹೆಣ್ಣು ಒಪ್ಪಿಸುವ ಹೊತ್ತು. ಹೆಣ್ಣಿನ ತಂದೆ ಗಂಡಿನ ಕಡೆಯ ಹಿರಿಯರ ಮುಂದೆ ನಿಂತು, ನಮ್ಮ ಮಗಳನ್ನು ನಿಮ್ಮ ಉಡಿಯಲ್ಲಿ ಹಾಕಿದ್ದೇವೆ, ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಳ್ಳಿ ಎನ್ನಬೇಕು. ಎಷ್ಟೋ ಮದುವೆಗಳಲ್ಲಿ ಕೇಳಿದ ಮಾತು. ಮಗಳ ಕೈಯನ್ನು ಅಕ್ಕನ ಕೈಯಲ್ಲಿಟ್ಟೆ. ಬಾಯಿ ತೆರೆದೆ. "ನಮ್ಮ ಮಗಳನ್ನ" ಎಂದವನು ಅವಳ ಕೈ ಬಿಡದೆ ಹಾಗೇ ಹಿಡಿದುಕೊಂಡೆ. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು, ಅವಳನ್ನು ಕಳಿಸಲು ನನಗೆ ಇಷ್ಟವೇ ಇರಲಿಲ್ಲ.

ಅಕ್ಕ ನನ್ನ ಮುಖ ನೋಡಿದರು. ಮಗಳನ್ನು ತಮ್ಮ ಪಕ್ಕಕ್ಕೆ ಎಳೆದು ಒತ್ತಿ ಹಿಡಿದುಕೊಂಡರು.

"ಮಾತು ಬ್ಯಾಡ ಬಿಡ್ರಿ ಬೀಗರ. ನನ್ನ ಉಡಿಗೆ ಬಿದ್ದದ್ದನ್ನ ಹೆಂಗೆ ಇಟ್ಕೊಂತೀನಿ ಅಂತ ನನ್ನ ತಮ್ಮನ್ನ ಕೇಳ್ರಿ."

ಅಳುತ್ತಿದ್ದ ನಾನು ನಕ್ಕುಬಿಟ್ಟೆ, ಮಗಳೂ ನಕ್ಕಳು. ಬೀಗರೊಬ್ಬರೇ ನಗಲಿಲ್ಲ. ಚಾಕು ತಮಗೆ ಇನ್ನು ಸಿಗುವುದಿಲ್ಲ ಎನ್ನುವುದು ಅವರಿಗೆ ಆಗಲೇ ಖಾತ್ರಿಯಾದದ್ದು.